ಮರೆವ್ವ ಹಚ್ಚಿದ ಹಡಗಿನ ಬಣ್ಣ

ಪೀಣ್ಯ ಎರಡನೇ ಹಂತದ ಆ ಶೆಡ್ಡಿನಲ್ಲಿ ಮರೆವ್ವನ ಬಾಯಿ ನಿಂತದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಕರೆಂಟು ನಿಲ್ಲುತ್ತಿತ್ತು, ಗ್ರೈಂಡರ್ ನಿಲ್ಲುತ್ತಿತ್ತು, ಮಾಲೀಕ ಲೋಕೇಶನ ಹಳೇ ಬೈಕು ವಾರಕ್ಕೆರಡು ಸಲ ಗೇಟಿನಲ್ಲೇ ನಿಲ್ಲುತ್ತಿತ್ತು. ಮರೆವ್ವನ ಮಾತು ಮಾತ್ರ ನಿಲ್ಲುವ ಪೈಕಿ ಅಲ್ಲ. ಅಂಥವಳು ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಚಹಾದ ಹೊತ್ತಿಗೆ, ಅರ್ಧ ಕುಡಿದ ಲೋಟ ಕೈಯಲ್ಲಿ ಹಿಡಿದು, ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಳು. ಎದುರಿಗಿದ್ದ ಹೆಂಗಸು ಫೋನಿನಲ್ಲಿ ಒಂದು ಫೋಟೊ ತೋರಿಸಿ ನಾಲ್ಕು ಮಾತು ಹೇಳಿದ್ದಳು, ಅಷ್ಟೇ. ಐವತ್ತರ ಹತ್ತಿರ ಬಂದ ಜೀವ, ಕಷ್ಟ ಕಾಣದವಳೇನಲ್ಲ.

ಫೋಟೊದ ಮಾತು ಆಮೇಲೆ. ಈ ಮರೆವ್ವ ಎಂಥ ಆಸಾಮಿ ಎನ್ನುವುದು ಗೊತ್ತಿಲ್ಲದೆ ಆ ಫೋಟೊ ನೋಡಿದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಊರು ರಾಯಚೂರು ಜಿಲ್ಲೆಯ ಮಾನ್ವಿ ಕಡೆ. ಇಪ್ಪತ್ತು ವರ್ಷದ ಹಿಂದೆ ಗಂಡ ಈಶಪ್ಪನ ಜೊತೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದವಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಸಾಲಾಗಿ ಏಳುತ್ತಿದ್ದ ಕಾಲ. ಇವಳು ಕೆಳಗೆ ಕಬ್ಬಿಣದ ಸರಳು ಹೊರುತ್ತಿದ್ದಳು, ಅವನು ಮೇಲೆ ಸಾರುವೆಯ ಮೇಲೆ ನಿಂತು ಗೋಡೆಗೆ ಸಿಮೆಂಟು ಮೆತ್ತುತ್ತಿದ್ದ. ಒಂದು ದಿನ ಸಾರುವೆಯ ಕೊಂಡಿ ಮುರಿಯಿತು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು, ಒಳಗೆಲ್ಲ ತುಕ್ಕು ತಿಂದು ಟೊಳ್ಳು. ಈಶಪ್ಪ ಎರಡನೇ ಮಹಡಿಯಿಂದ ಬಿದ್ದ. ಜೀವ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ. ಈಗ ರಾಜಗೋಪಾಲನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಗಂಡ ಹೆಂಡತಿಯ ಬಾಡಿಗೆ ಕೋಣೆಯೂ ಅದರ ಹಿಂದಿನ ಬೀದಿಯಲ್ಲೇ ಇದೆ.

ಆವತ್ತಿನಿಂದ ತುಕ್ಕು ಎಂದರೆ ಮರೆವ್ವನಿಗೆ ಮೈಯೆಲ್ಲ ಉರಿ. ಲೋಕೇಶನ ಶೆಡ್ಡಿಗೆ ಬಣ್ಣದ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು, ರಸ್ತೆ ಬದಿಯ ಸಸಿಗಳ ಸುತ್ತ ನಿಲ್ಲಿಸುವ ಕಬ್ಬಿಣದ ಗೂಡು, ಏನೇ ಬರಲಿ, ಎಮರಿ ಕಾಗದದಲ್ಲಿ ತಿಕ್ಕಬೇಕು, ತಿನ್ನರ್ ಬಟ್ಟೆಯಲ್ಲಿ ಒರೆಸಬೇಕು, ಬೆರಳು ಹೋಗದ ಸಂದಿಗೂ ಬ್ರಶ್ಶು ತೂರಿಸಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಹಚ್ಚಬೇಕು. ಬೇರೆ ಶೆಡ್ಡಿನವರು ಕಾಣುವ ಕಡೆ ಮಾತ್ರ ಬಣ್ಣ ಬಳಿದು ಲಾರಿ ಹತ್ತಿಸುತ್ತಾರೆ. ಇವಳು ಕಾಣದ ಕಡೆಗೇ ಎರಡು ಸಲ ಹಚ್ಚುವವಳು. "ಬತ್ತಲೆ ಕಬ್ಬಿಣ ನನ್ನ ಕೈಯಾಗಿಂದ ಹೊರಗ ಹೋಗಂಗಿಲ್ಲ" ಎನ್ನುವುದು ಅವಳ ಮಾತು. ಅದನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಾಳೆಂದು ಎಣಿಸುವುದನ್ನು ಶೆಡ್ಡಿನವರು ಎಂದೋ ಬಿಟ್ಟಿದ್ದರು. "ಅಕ್ಕನ ಮುಂದ ಭಾಳೊತ್ತು ನಿಲ್ಲಬ್ಯಾಡ್ರಲೇ, ನಿಮಗೂ ಒಂದು ಕೋಟು ಬೀಳ್ತೈತಿ" ಎಂದು ವೆಲ್ಡರ್ ಹಣಮಂತ ಹೊಸಬರಿಗೆಲ್ಲ ಹೇಳುತ್ತಿದ್ದ. ಅವನೂ ಅವಳ ಕಡೆಯವನೇ, ಹಾಗಾಗಿ ಸಲಿಗೆ.

ಹೋದ ದಸರಾ ಕಳೆದ ಮೇಲೆ ಲೋಕೇಶ ಹೊಸದೊಂದು ಆರ್ಡರ್ ಹಿಡಿದು ತಂದ. ಅಂಡಮಾನ್ ಕಡೆಯ ಒಂದು ಸಣ್ಣ ದ್ವೀಪದ ಸುತ್ತ ಸಮುದ್ರದಲ್ಲೇ ಪಾರ್ಕು ಮಾಡಿದ್ದಾರಂತೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಚಿಪ್ಪು ಆಯುವಂತಿಲ್ಲ, ದೋಣಿಯ ಲಂಗರನ್ನು ಕೂಡ ಕಂಡಲ್ಲಿ ಬಿಡುವಂತಿಲ್ಲ. ಆ ಪಾರ್ಕಿನ ತಳದಲ್ಲಿ ಇಡುವುದಕ್ಕೆ ಕಬ್ಬಿಣದ ಚೌಕಟ್ಟು ಬೇಕು. ಆರು ಕಾಲು, ನಡುವೆ ಅಡ್ಡಸರಳು, ಸೊಂಟದೆತ್ತರ. ಶೆಡ್ಡಿನಲ್ಲಿ ಮೊದಲ ದಿನವೇ ಅದಕ್ಕೆ ಜೇಡ ಎಂದು ಹೆಸರು ಬಿತ್ತು. ಸರಳಿನ ಮೇಲೆಲ್ಲ ಅಂಟು ಬಳಿದು ಮರಳಿನಲ್ಲಿ ಹೊರಳಿಸಬೇಕು, ಅದು ಮರೆವ್ವನ ಪಾಲಿನ ಕೆಲಸ. ಡ್ರಾಯಿಂಗಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಏನೋ ದಪ್ಪಕ್ಷರದಲ್ಲಿ ಬರೆದಿತ್ತು. ಲೋಕೇಶ ಓದಿ ಹೇಳಿದ.

"ಮರೆವ್ವಕ್ಕ, ಇದಕ್ಕೆ ಪೇಂಟ್ ಬೇಡ. ಪ್ರೈಮರ್ರೂ ಬೇಡ. ಬರೀ ರಾಡ್ ಮೇಲೆ ಡೈರೆಕ್ಟಾಗಿ ಅಂಟು, ಅದರ ಮೇಲೆ ಮರಳು. ಅಷ್ಟೇ."

"ಸಮುದ್ರದಾಗ ಇಡೋದಕ್ಕ ಬಣ್ಣ ಬ್ಯಾಡನ್ರಿ ಸಾರ್?"

"ಕಸ್ಟಮರ್ ಬೇಡ ಅಂದ್ರೆ ಬೇಡ. ನಮಗ್ಯಾಕೆ ಅದೆಲ್ಲ."

ನೋಡಿ, ಇಲ್ಲೇ ಎಡವಟ್ಟಾದದ್ದು. ಯಾಕೆ ಬೇಡ ಎಂದು ಲೋಕೇಶ ಒಂದು ಮಾತು ಕೇಳಿದ್ದರೆ ಪಾರ್ಕಿನವರು ಹೇಳುತ್ತಿದ್ದರು. ಅವನು ಕೇಳಲಿಲ್ಲ. ಡ್ರಾಯಿಂಗ್ ಬರೆದವರೂ ಕಾರಣ ಬರೆಯುವ ಗೋಜಿಗೆ ಹೋಗಲಿಲ್ಲ. ಪೀಣ್ಯದಲ್ಲಿ ಹದಿನಾಲ್ಕು ವರ್ಷ ಬ್ರಶ್ಶು ಹಿಡಿದವರಿಗೆ ಪೇಂಟ್ ಬೇಡ ಎನ್ನುವ ಮಾತಿಗೆ ಒಂದೇ ಅರ್ಥ. ಕಸ್ಟಮರ್ ಕೈ ಬಿಗಿ ಹಿಡಿದಿದ್ದಾನೆ, ನಾಳೆ ತುಕ್ಕು ಹಿಡಿದ ಮೇಲೆ ನಮ್ಮನ್ನೇ ಬೈಯುತ್ತಾನೆ. ಮರೆವ್ವನಿಗೆ ಪಾರ್ಕು ಎಂದರೆ ಪಾರ್ಕೇ. ಜೇಡ ಎಂದರೆ ಸಸಿಯ ಸುತ್ತ ದನ ಬಾಯಿ ಹಾಕದಂತೆ ನಿಲ್ಲಿಸುವ ಗೂಡಿನ ಹಾಗೆ ಏನೋ ಒಂದು ಕಾವಲು, ಒಳಗೆ ಮೀನೋ ಆಮೆಯೋ ಇರುತ್ತದೆ ಎಂದುಕೊಂಡಳು. ಉಪ್ಪುನೀರು ಬೇರೆ. ಮನೆಯ ಉಪ್ಪಿನ ಡಬ್ಬಿಯ ಮುಚ್ಚಳವೇ ಎರಡು ತಿಂಗಳಿಗೆ ತುಕ್ಕು ಹಿಡಿದು ಉದುರುತ್ತದೆ, ಇನ್ನು ಸಮುದ್ರದಲ್ಲಿ ಬರಿಮೈಯ ಕಬ್ಬಿಣ ಎಷ್ಟು ದಿನ ಬಂದೀತು. ಕಾವಲೇ ಕುಸಿದು ಆ ಬಡಪಾಯಿ ಜೀವಗಳ ಮೇಲೆ ಬಿದ್ದರೆ? ಈಶಪ್ಪನ ಕಾಲು ಕಣ್ಣೆದುರಿಗೆ ಬಂತು. ಅವಳ ಮನಸ್ಸು ಒಪ್ಪಲಿಲ್ಲ.

ಶೆಡ್ಡಿನ ಹಿಂಬದಿಯಲ್ಲಿ ಆರು ಡಬ್ಬ ಬಣ್ಣ ಬಿದ್ದಿತ್ತು. ಎರಡು ವರ್ಷದ ಹಿಂದೆ ಯಾವುದೋ ಬಂದರಿನವರಿಗೆ ದೋಣಿಯ ಭಾಗ ಮಾಡಿಕೊಟ್ಟಾಗ ಮಿಕ್ಕಿದ್ದು. ಅದನ್ನು ತಂದುಕೊಟ್ಟ ಬಣ್ಣದಂಗಡಿಯ ನರಸಪ್ಪ ಆಗಲೇ ಅದರ ಗುಣಗಾನ ಮಾಡಿದ್ದ. "ಹಡಗಿನ ತಳಕ್ಕೆ ಹೊಡಿಯೋ ಬಣ್ಣ ಕಣಮ್ಮ ಇದು. ಒಂದ್ ಪಾಚಿ ಹಿಡಿಯಲ್ಲ, ಒಂದ್ ಚಿಪ್ಪು ಅಂಟಲ್ಲ, ಒಂದ್ ಹುಳ ಹತ್ರ ಸುಳಿಯಲ್ಲ. ಸಮುದ್ರದಲ್ಲಿ ಎಷ್ಟ್ ವರ್ಷ ಬಿದ್ದಿದ್ರೂ ಹೊಸದಿದ್ದಂಗಿರುತ್ತೆ."

ಇದಕ್ಕಿಂತ ಇನ್ನೇನು ಬೇಕು. ಲೋಕೇಶ ಬೇರೊಂದು ಕೆಲಸಕ್ಕೆ ಜಿಗಣಿಗೆ ಓಡಾಡುತ್ತಿದ್ದ ವಾರ ನೋಡಿ, ಮರೆವ್ವ ಅರವತ್ತು ಜೇಡಕ್ಕೂ ಆ ಕೆಂಪು ಬಣ್ಣ ಹಚ್ಚಿದಳು. ಒಣಗಿದ ಮೇಲೆ ಅಂಟು, ಅಂಟಿನ ಮೇಲೆ ಮರಳು. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಹಣಮಂತ ಕೇಳಿದ್ದಕ್ಕೆ, "ಒಳಲಂಗ ಉಟ್ಟಿದ್ದು ಊರಿಗೆಲ್ಲ ಕಾಣಬೇಕೇನೋ" ಎಂದು ಬಾಯಿ ಮುಚ್ಚಿಸಿದಳು. ಜೇಡಗಳು ಚೆನ್ನೈ ಸೇರಿ, ಹಡಗು ಹತ್ತಿ, ಜನವರಿಯಲ್ಲಿ ನೀರಿಗೆ ಇಳಿದವು. ಸಂಜೆ ಗಂಡನ ಮುಂದೆ ಅವಳು ಹೆಮ್ಮೆಯಿಂದಲೇ ಹೇಳಿಕೊಂಡಳು, ತನ್ನ ಕೈ ಮುಟ್ಟಿದ ಕಬ್ಬಿಣ ಸಮುದ್ರ ನೋಡಿತು ಎಂದು. ತಾನು ಸಮುದ್ರ ನೋಡಿದವಳಲ್ಲ.

ಏಪ್ರಿಲ್ ಹೊತ್ತಿಗೆ ಇನ್ನೂ ನೂರಿಪ್ಪತ್ತು ಜೇಡಕ್ಕೆ ಆರ್ಡರ್ ಬಂತು. ಮರೆವ್ವ ಉಳಿದ ಡಬ್ಬಗಳನ್ನೂ ತೆರೆದಳು.

ಆ ಮಂಗಳವಾರ ನೂರಿಪ್ಪತ್ತೂ ಲಾರಿ ಹತ್ತಿದ್ದವು. ಡ್ರೈವರ್ ಹಗ್ಗ ಬಿಗಿಯುತ್ತಿದ್ದ. ಕಳಿಸುವ ಮುಂಚೆ ಒಮ್ಮೆ ನೋಡಿ ಹೋಗುತ್ತೇನೆ ಎಂದು ಭಾಗ್ಯಶ್ರೀ ಬಂದಿದ್ದಳು. ದ್ವೀಪದ ಪಾರ್ಕಿನಲ್ಲಿ ಕೆಲಸ ಮಾಡುವ ವಿಜ್ಞಾನಿ, ಮೂವತ್ತೈದರ ಹೆಣ್ಣುಮಗಳು, ಹುಟ್ಟಿದ್ದು ವರ್ತೂರಿನಲ್ಲಿ. ಮನೆಯ ಎದುರಿನ ಕೆರೆ ನೊರೆ ಕಾರುವುದನ್ನು ನೋಡಿ ನೋಡಿ ನೀರಿನ ಓದಿಗೆ ಬಿದ್ದವಳು ಎಂದು ಲೋಕೇಶ ಎಲ್ಲರಿಗೂ ಹೇಳಿದ್ದ. ಅವಳು ಲಾರಿಯ ಹಿಂದೆ ನಿಂತು ಒಂದು ಜೇಡದ ಮೇಲೆ ಅಂಗೈ ಆಡಿಸಿದಳು. ಮರಳು ಚೆನ್ನಾಗಿ ಹಿಡಿದಿದೆ ಎಂದಳು. ಆದರೆ ಮುಖ ಬಾಡಿತ್ತು. ಕೊಟ್ಟ ಚಹಾ ಆರಿಹೋದರೂ ಕುಡಿದಿರಲಿಲ್ಲ.

ಮರೆವ್ವ ಸುಮ್ಮನಿರುವವಳೇ. "ಮೇಡಮ್ಮಾರ, ನಮ್ಮ ಜೇಡ ಅಲ್ಲಿ ಹೆಂಗದಾವ್ರಿ? ಫೋಟೊ ಇದ್ರ ತೋರಸ್ರಿ, ನೋಡ್ತೀವಿ."

ಭಾಗ್ಯಶ್ರೀ ಫೋನು ತೆಗೆದಳು. ನೀಲಿ ನೀರು, ಬಿಳಿ ಮರಳು, ಅದರ ಮೇಲೆ ಆರು ಕಾಲೂರಿ ನಿಂತ ಜೇಡ. ಮರೆವ್ವ ತನ್ನ ಮೊಮ್ಮಗುವಿನ ಫೋಟೊ ನೋಡಿದಂತೆ ನೋಡಿದಳು.

"ಜೇಡಕ್ಕೇನಾಗಿಲ್ಲ ಅಕ್ಕ. ಅದೇ ನಂಗೆ ಆಶ್ಚರ್ಯ. ಮೂರು ತಿಂಗಳು ಕಡಲಲ್ಲಿದ್ರೂ ಒಂದ್ ಪಾಚಿ ಹಿಡಿದಿಲ್ಲ, ಒಂದ್ ಚಿಪ್ಪು ಕೂತಿಲ್ಲ."

ಮರೆವ್ವನಿಗೆ ಒಳಗೊಳಗೇ ಖುಷಿಯೋ ಖುಷಿ. ನರಸಪ್ಪ ಸುಳ್ಳು ಹೇಳಿರಲಿಲ್ಲ. "ಹಂಗಾರ ಚಲೋ ಆತಲ್ರಿ" ಎಂದಳು. "ಹೊಸಾವು ಇದ್ದಂಗ ಅದಾವ."

"ಚಲೋ ಅಲ್ಲಕ್ಕ. ಅವೆಲ್ಲ ಬಂದು ಕೂರ್ಲಿ ಅಂತಾನೇ ಇದನ್ನ ಮಾಡ್ಸಿದ್ದು."

"ಏನು ಕೂರಲಿ ಅಂತ?"

ಭಾಗ್ಯಶ್ರೀ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿದಳು. ಸರಳಿನ ಉದ್ದಕ್ಕೂ ಬೆರಳಿನಷ್ಟು ಬೆರಳಿನಷ್ಟು ಬಿಳಿ ಕಡ್ಡಿಗಳನ್ನು ಕಟ್ಟಿತ್ತು. ಅದು ಹವಳ ಎಂದಳು. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ, ಸಾಸಿವೆ ಕಾಳಿನಷ್ಟಷ್ಟು ಜೀವಗಳು ಸಾವಿರಗಟ್ಟಲೆ ಒಟ್ಟಿಗೆ ಕೂತು ಮನೆ ಕಟ್ಟಿಕೊಂಡಿರುತ್ತವೆ ಎಂದಳು. ಮೀನು ಮೊಟ್ಟೆಯಿಡುವುದು ಅದರ ಸಂದಿಯಲ್ಲಿ, ಏಡಿ ಅಡಗುವುದು ಅದರ ಬುಡದಲ್ಲಿ. ಅದಿದ್ದರೆ ಆ ಪಾರ್ಕು, ಅದು ಹೋದರೆ ಬರೀ ನೀರು. ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಸಮುದ್ರ ಕಾದು ಹೋಗಿ ಈ ಜಾತಿಯ ಹವಳವೆಲ್ಲ ಬೆಳ್ಳಗಾಗಿ ಸತ್ತವು. ಒಂದು ಮೂಲೆಯಲ್ಲಿ ಒಂದೇ ಒಂದು ಗಡ್ಡೆ ಉಳಿದಿತ್ತು. ಅದರಿಂದ ಚೂರು ಚೂರು ತೆಗೆದು, ನೀರೊಳಗೆ ಹಗ್ಗಕ್ಕೆ ಕಟ್ಟಿ, ಒಂದೂವರೆ ವರ್ಷ ಮಕ್ಕಳನ್ನು ಸಾಕಿದಂತೆ ಸಾಕಿದ್ದರು. ಅವುಗಳಲ್ಲಿ ಒಂಬೈನೂರನ್ನು ಜನವರಿಯಲ್ಲಿ ಜೇಡಗಳಿಗೆ ಕಟ್ಟಿದ್ದರು, ಬೇರು ಬಿಟ್ಟಂತೆ ಸರಳಿಗೆ ಹತ್ತಿಕೊಂಡು ಬೆಳೆಯಲಿ ಎಂದು.

"ಒಂದೂ ಉಳೀಲಿಲ್ಲಕ್ಕ. ಒಂಬೈನೂರೂ ಹೋದ್ವು. ಸರಳಿಗೆ ತಾಗಿದ ಬುಡದಿಂದಾನೇ ಸಾಯೋಕೆ ಶುರುವಾಗಿ ಮೇಲಕ್ಕೆ ಹತ್ತಿದೆ. ಹಗ್ಗದ ಮೇಲೆ ಉಳಿದವು ಅದೇ ನೀರಲ್ಲಿ ಚೆನ್ನಾಗಿವೆ. ಜೇಡದ ಮೇಲಿನವು ಮಾತ್ರ."

ಮರೆವ್ವನ ಬಾಯಿ ನಿಂತದ್ದು ಆಗಲೇ. ಒಂದು ಕೈ ತಾನಾಗಿ ಕೊರಳಿಗೆ ಹೋಯಿತು. ತಾಳಿಯ ಎರಡೂ ಬದಿಗೆ ಎರಡು ಹವಳದ ಮಣಿ, ಅವ್ವ ಹಾಕಿ ಕಳಿಸಿದ್ದು. ಮೂವತ್ತು ವರ್ಷದಿಂದ ಅವು ಕಲ್ಲೆಂದೇ ತಿಳಿದಿದ್ದಳು. ಒಂದು ಹುಳ ಹತ್ತಿರ ಸುಳಿಯಲ್ಲ ಎಂದಿದ್ದ ನರಸಪ್ಪನ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು. ಹುಳ ಸುಳಿಯದ ಬಣ್ಣ. ಹುಳಗಳ ಮನೆಗೇ ಹಚ್ಚಿದ್ದಳು ಅದನ್ನು.

ಚಹಾದ ಲೋಟ ಕೆಳಗಿಟ್ಟು ಅವಳು ಹಿಂಬದಿಯ ನಲ್ಲಿಯ ಹತ್ತಿರ ಹೋದಳು. ಮುಖಕ್ಕೆ ನೀರು ಹಾಕಿಕೊಂಡಳು. ಅಯ್ಯೋ ದೇವರೇ, ಒಂಬೈನೂರು ಜೀವ. ಒಂಬೈನೂರಲ್ಲ, ಒಂದೊಂದರಲ್ಲೂ ಸಾವಿರ ಎಂದಳಲ್ಲ ಆಕೆ. ಬದುಕಿನಲ್ಲಿ ಒಂದು ಕೋಳಿಯನ್ನೂ ತನ್ನ ಕೈಯಾರೆ ಕುಯ್ದವಳಲ್ಲ ಮರೆವ್ವ, ಈಶಪ್ಪನೇ ಕುಯ್ಯಬೇಕಿತ್ತು. ಬಣ್ಣದ ಮಾತು ಗೊತ್ತಿದ್ದದ್ದು ತನಗೆ, ಹಣಮಂತನಿಗೆ. ಹಣಮಂತ ಇವತ್ತು ರಜೆ. ಮರಳಿನ ಕೆಳಗೆ ಯಾರು ಕೆರೆದು ನೋಡುತ್ತಾರೆ. ಲಾರಿ ಇನ್ನು ಹತ್ತು ನಿಮಿಷದಲ್ಲಿ ಗೇಟು ದಾಟುತ್ತದೆ. ಬಾಯಿಬಿಟ್ಟರೆ ಲೋಕೇಶ ಇವತ್ತೇ ಮನೆಗೆ ಕಳಿಸುತ್ತಾನೆ. ಈ ವಯಸ್ಸಿನಲ್ಲಿ, ಈ ತಪ್ಪು ಮಾಡಿದ ಮೇಲೆ, ಪೀಣ್ಯದಲ್ಲಿ ಯಾವ ಶೆಡ್ಡಿನವರು ಬ್ರಶ್ಶು ಕೊಟ್ಟಾರು. ಸುಮ್ಮನಿದ್ದರಾಯಿತು ಎಂದು ಒಂದು ಮನಸ್ಸು ಹೇಳಿತು, ಸುಳ್ಳೇಕೆ.

ಗೋಡೆಯ ಆಚೆ ಭಾಗ್ಯಶ್ರೀ ಲೋಕೇಶನ ಜೊತೆ ಮಾತಾಡುತ್ತಿದ್ದಳು. ತಗಡಿನ ಗೋಡೆ, ಪಿಸುಮಾತೂ ಕೇಳಿಸುತ್ತದೆ.

"ತಾಯಿ ಗಡ್ಡೆನೂ ಈ ಮಾರ್ಚಲ್ಲಿ ಹೋಯ್ತು ಸಾರ್. ಈಗ ಹಗ್ಗದ ಮೇಲಿರೋ ಸಾವಿರದೆಂಟುನೂರು ಚೂರು, ಅಷ್ಟೇ. ಮಳೆಗಾಲದ ಅಲೆಗೆ ಹಗ್ಗ ನಿಲ್ಲಲ್ಲ. ಅಷ್ಟರೊಳಗೆ ಎಲ್ಲಾನೂ ಈ ಜೇಡಗಳಿಗೆ ಕಟ್ಲೇಬೇಕು. ಈ ಸಲ ಹೋದ್ರೆ ಆ ಜಾತಿ ಆ ಪಾರ್ಕಲ್ಲಿ ಮುಗೀತು."

"ಹೋದ ಸಲ ಯಾಕ್ ಸತ್ವು ಅಂತ ಗೊತ್ತಾಯ್ತಾ ಮೇಡಂ?"

"ಕಟ್ಟಿದ ಕೈ ತಪ್ಪು. ಮುರಳಿ ಅಂತ ಒಬ್ರು ದೋಣಿಯವರು, ಹನ್ನೊಂದು ವರ್ಷದಿಂದ ನಮ್ಮ ಜೊತೆ ಇದ್ರು. ಬುಡ ಹಿಸುಕಿ ಕಟ್ಟಿದಾರೆ ಅಂತ ನಾನೇ ರಿಪೋರ್ಟ್ ಬರೆದೆ. ತೆಗೆದುಹಾಕಿದ್ರು. ಅವರು ಒಂದೇ ಸಮ ಹೇಳ್ತಿದ್ರು, ನನ್ನ ಕೈಯದಲ್ಲ ಮೇಡಂ, ಆ ಕಬ್ಬಿಣದ್ದು ಅಂತ. ಕಬ್ಬಿಣ ಏನ್ ಮಾಡುತ್ತೆ ಅಂತ ನಾನು ನಂಬ್ಲಿಲ್ಲ."

ಮರೆವ್ವ ನಲ್ಲಿ ನಿಲ್ಲಿಸುವುದನ್ನೂ ಮರೆತಳು. ತಾನು ಹಚ್ಚಿದ ಬಣ್ಣಕ್ಕೆ ಕಂಡುಕೇಳದ ಊರಿನಲ್ಲಿ ಯಾರೋ ಒಬ್ಬ ಕೆಲಸ ಕಳೆದುಕೊಂಡು ಕೂತಿದ್ದಾನೆ, ಅದೂ ಕೈ ಸರಿಯಿಲ್ಲ ಎನ್ನಿಸಿಕೊಂಡು. ಕೈಯಿಂದ ದುಡಿದು ತಿನ್ನುವವನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹೊರಗೆ ಲಾರಿ ಸ್ಟಾರ್ಟಾದ ಸದ್ದು ಕೇಳಿಸಿತು.

ಆಮೇಲೆ ಅವಳು ಮಾಡಿದ್ದನ್ನು ನೋಡಿ ಲೋಕೇಶನಿಗೆ ಇವಳ ತಲೆ ಕೆಟ್ಟಿದೆ ಎಂದೇ ಅನ್ನಿಸಿತು. ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದವಳೇ ಲಾರಿಯ ಹಿಂದೆ ಹತ್ತಿ, ಕಟ್ಟಿದ ಹಗ್ಗದ ಸಂದಿಯಿಂದ ಒಂದು ಜೇಡವನ್ನು ಎಳೆದು ಕೆಳಕ್ಕೆ ಬೀಳಿಸಿದಳು. ಕೈಗ್ರೈಂಡರ್ ಎತ್ತಿಕೊಂಡು, ಕನ್ನಡಕವನ್ನೂ ಹಾಕದೆ, ಸರಳಿನ ಮೇಲೆ ಒತ್ತಿ ಹಿಡಿದಳು.

"ಏಯ್ ಮರೆವ್ವಕ್ಕ, ಏನ್ ಮಾಡ್ತಿದೀಯಾ, ಬಿಡು ಅದನ್ನ" ಎಂದು ಲೋಕೇಶ ಓಡಿಬಂದ.

ಮರಳು ಸಿಡಿಯಿತು. ಅಂಟು ಸುಟ್ಟ ವಾಸನೆ ಎದ್ದಿತು. ಅದರ ಕೆಳಗೆ ಕಡುಗೆಂಪು ಬಣ್ಣ ಕಾಣಿಸಿಕೊಂಡಿತು. ಮರೆವ್ವ ಗ್ರೈಂಡರ್ ನಿಲ್ಲಿಸಿದಳು.

ಭಾಗ್ಯಶ್ರೀ ಬಗ್ಗಿ ನೋಡಿದಳು. "ಇದೇನು, ತುಕ್ಕಾ?"

"ತುಕ್ಕಲ್ರಿ. ಬಣ್ಣ. ನಾನ ಹಚ್ಚೀನಿ. ಸಾರ್‌ಗೆ ಗೊತ್ತಿಲ್ರಿ, ಬ್ಯಾಡ ಅಂದಿದ್ರು. ಮೊದಲಿನ ಅರವತ್ತಕ್ಕೂ ಹಚ್ಚೀನಿ, ಇವಕ್ಕೂ ಹಚ್ಚೀನಿ."

"ಯಾವ ಬಣ್ಣ?"

ಮರೆವ್ವ ಹಿಂಬದಿಯಿಂದ ಡಬ್ಬ ತಂದು ಮುಂದಿಟ್ಟಳು. ಭಾಗ್ಯಶ್ರೀ ಅದನ್ನು ಬೆಳಕಿಗೆ ಹಿಡಿದು, ಅಂಟಿಕೊಂಡಿದ್ದ ಚೀಟಿ ಓದಿದಳು. ತಾಮ್ರದ ವಿಷ ಬೆರೆಸಿದ ಬಣ್ಣ, ಅಂಟು ಮರಳಿನ ಸಂದಿಯಿಂದಲೂ ಆ ವಿಷ ಮೆಲ್ಲಗೆ ನೀರಿಗೆ ಸೋರುತ್ತಲೇ ಇರುತ್ತದೆ, ಹತ್ತಿರ ಬಂದ ಎಳೆ ಜೀವವನ್ನು ಸಾಯಿಸುವುದೇ ಅದರ ಕೆಲಸ. ಅವಳು ಅಲ್ಲೇ ಬಿದ್ದಿದ್ದ ಚಾನೆಲ್ ಕಂಬಿಯ ಮೇಲೆ ಕುಸಿದು ಕೂತಳು. ಬೈಯಲಿಲ್ಲ. ಬೈದಿದ್ದರೆ ಮರೆವ್ವನಿಗೆ ಉಸಿರಾಡಲು ಸುಲಭವಾಗುತ್ತಿತ್ತು.

"ಯಾಕಕ್ಕ?" ಎಂದಳು.

"ತುಕ್ಕು ಹಿಡಿದು ಆ ಜೀವಗಳ ಮ್ಯಾಲೆ ಬಿದ್ದೀತು ಅಂತ್ರಿ" ಎಂದಳು ಮರೆವ್ವ. ಇದನ್ನು ಹೇಳುವಾಗ ಅವಳಿಗೆ ಅಳು ಬಂತು, ಸೆರಗು ಬಾಯಿಗೆ ಒತ್ತಿ ಹಿಡಿದಳು.

ಲೋಕೇಶ ಮಾತ್ರ ಬಿಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಆಡದ ಮಾತನ್ನೆಲ್ಲ ಆಡಿದ. ನಿನ್ನ ನಂಬಿದ್ದೆನಲ್ಲ, ನನ್ನ ಮರ್ಯಾದೆ ಮಣ್ಣುಪಾಲು ಮಾಡಿದೆಯಲ್ಲ ಎಂದ. ಲಾರಿ ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದು ಬಾಯಿ ಬಿಟ್ಟುಕೊಂಡು ನಿಂತ. ಎಲ್ಲ ಆಡಿ ಮುಗಿದ ಮೇಲೆ ಲೋಕೇಶನಿಗೇ ಉಸಿರು ಸಾಲದಾಯಿತು. ಅವನು ಲಾರಿಯ ಪಕ್ಕ ಹೋಗಿ ನಿಂತು, ನೂರಿಪ್ಪತ್ತು ಜೇಡಗಳನ್ನು ನೋಡಿ, ತಲೆ ಕೆರೆದುಕೊಂಡು ಹೇಳಿದ: "ಇದನ್ನ ಕೆರೆದು ತೆಗೆದ್ರೂ ನಂಬಿಕೆ ಇಲ್ಲ ಮೇಡಂ. ಹೊಸ ರಾಡಲ್ಲೇ ಮಾಡ್ಕೊಡ್ತೀನಿ. ಯಾಕೆ ಬೇಡ ಅಂತ ನಾನೂ ಕೇಳ್ಬೇಕಿತ್ತು. ಮುಂದಿನ ಹಡಗು ಯಾವಾಗ?"

"ಹದಿನೈದು ದಿನಕ್ಕೆ" ಎಂದಳು ಭಾಗ್ಯಶ್ರೀ. ಅವಳ ಗಮನ ಅಲ್ಲಿರಲಿಲ್ಲ. ಕೈಯಲ್ಲಿ ಫೋನು ಹಿಡಿದಿದ್ದಳು, ಒತ್ತುತ್ತಿರಲಿಲ್ಲ. "ಮುರಳಿಗೆ ಏನಂತ ಹೇಳ್ಲಿ ನಾನು" ಎಂದು ತನಗೆ ತಾನೇ ಅಂದುಕೊಂಡಳು.

"ನಾನ ಹೇಳ್ತೀನ್ರಿ" ಎಂದಳು ಮರೆವ್ವ. "ಹಚ್ಚಿದಾಕಿ ನಾನು. ಅವರಿಗೆ ಕನ್ನಡ ಬರ್ತೈತೇನ್ರಿ?"

"ತೆಲುಗಿನವರು."

"ನಮ್ಮದು ಗಡಿ ಊರ್ರಿ. ತೆಲುಗು ಬರ್ತೈತಿ. ಫೋನ್ ಹಚ್ಚಿಕೊಡ್ರಿ."

ಫೋನು ಬಹಳ ಹೊತ್ತು ರಿಂಗಾಯಿತು. ಭಾಗ್ಯಶ್ರೀ ಸ್ಪೀಕರ್ ಹಾಕಿ ಮರೆವ್ವನ ಕೈಗೆ ಕೊಟ್ಟಳು. ಆ ಕಡೆ ಗಾಳಿಯ ಸದ್ದಿತ್ತು, ಅದರ ನಡುವೆ ಒಬ್ಬ ಗಂಡಸಿನ ದನಿ ಯಾರು ಎಂದು ಕೇಳಿತು. ಮರೆವ್ವ ತೆಲುಗಿನಲ್ಲೇ ತನ್ನ ಹೆಸರು ಹೇಳಿದಳು. ಬೆಂಗಳೂರಿನ ಪೀಣ್ಯದಲ್ಲಿ ನಿಮ್ಮ ಕಬ್ಬಿಣಕ್ಕ ಬಣ್ಣ ಹಚ್ಚೋದು ನಾನು ಎಂದಳು. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು, ಹಡಗಿನ ಬಣ್ಣ, ಮರಳಿನ ಕೆಳಗೆ ಮುಚ್ಚಿದ್ದು, ಯಾರಿಗೂ ಹೇಳದೆ ಹಚ್ಚಿದ್ದು, ಇವತ್ತಿನವರೆಗೆ ಅದು ಒಳ್ಳೆಯದೆಂದೇ ತಿಳಿದಿದ್ದು. "ತಮ್ಮಾ, ನಿನ್ನ ಕೈ ತಪ್ಪು ಮಾಡಿಲ್ಲ. ನನ್ನ ಕೈ ಮಾಡೇತಿ. ಮೇಡಮ್ಮಾರು ಇಲ್ಲೇ ಅದಾರ, ಅವರ ಮುಂದನ ಹೇಳಾಕತ್ತೀನಿ."

ಫೋನು ಕಟ್ಟಾಯಿತೇನೋ ಎಂದು ಲೋಕೇಶ ಬಗ್ಗಿ ನೋಡಿದ. ಕಟ್ಟಾಗಿರಲಿಲ್ಲ, ಗಾಳಿ ಬೀಸುತ್ತಿತ್ತು. ಈಗ ಬೈಯುತ್ತಾನೆ ಎಂದು ಮರೆವ್ವ ಕಣ್ಣು ಮುಚ್ಚಿಕೊಂಡಳು. ಬೈಯಲಿ ಎಂದೇ ಕಾದಳು.

"ಅಕ್ಕಾ" ಎಂದ ಮುರಳಿ ಕೊನೆಗೆ. ಅವನ ತೆಲುಗಿನ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಹಗ್ಗದ ಮೇಲೆ ಇರೋವನ್ನ ಈಗ ಯಾರು ನೋಡ್ಕೊಳ್ತಿದಾರೆ? ಈ ಬಿಸಿಲಿಗೆ ಮೇಲಿನ ನೀರು ಕಾದಿರುತ್ತೆ. ಹಗ್ಗ ಎರಡು ಮಾರು ಕೆಳಗಿಳಿಸ್ಬೇಕು, ದಿನಾ ನಾನೇ ನೋಡಿ ಇಳಿಸ್ತಿದ್ದೆ. ಯಾರಾದ್ರೂ ಇಳಿಸಿದಾರಾ, ಮೇಡಂನ ಕೇಳು."

ಮರೆವ್ವ ಅದನ್ನು ಕನ್ನಡದಲ್ಲಿ ಹೇಳಿದಳು. ಭಾಗ್ಯಶ್ರೀ ಎದ್ದು ನಿಂತಳು. ಅವನು ಹೋಗಿ ಮೂರು ವಾರವಾಗಿತ್ತು. ಹಗ್ಗ ಇಳಿಸುವುದು ಎಂಬುದೊಂದು ಕೆಲಸವಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಅದು ಯಾವ ಕಾಗದದಲ್ಲೂ ಬರೆದಿರದ ಕೆಲಸ, ಅವನು ನೋಡಿಕೊಂಡು ಮಾಡುತ್ತಿದ್ದದ್ದು.

"ಯಾರೂ ಇಳಿಸಿಲ್ಲ" ಎಂದಳು. ಫೋನಿಗೆ ಬಾಯಿ ಹತ್ತಿರ ತಂದು, ತನಗೆ ಬರುವ ಹರಕು ತೆಲುಗಿನಲ್ಲಿ ಶುರುಮಾಡಿದಳು. "ಮುರಳಿಗಾರು, ನನ್ನದು ತಪ್ಪಾಯ್ತು. ನೀವು ವಾಪಸ್ ಬರೋಕೆ ನಾನು ಆಫೀಸಿಗೆ ಬರೆದು, ಅವರು ಒಪ್ಪಿ..."

ಆ ಕಡೆ ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಯಾರಿಗೋ ಲಂಗರು ಎತ್ತು, ಪಾರ್ಕಿನ ಕಡೆ ತಿರುಗಿಸು ಎಂದು ಕೂಗಿದ್ದು ಕೇಳಿಸಿತು. ಭಾಗ್ಯಶ್ರೀಯ ಮಾತು ಮುಗಿಯುವ ಮೊದಲೇ ದೋಣಿಯ ಇಂಜಿನ್ ಸದ್ದು ಶೆಡ್ಡಿನ ತುಂಬ ತುಂಬಿಕೊಂಡಿತು.